ಬ್ಯಾಟರಿ ಸತ್ತಿದೆಯೆಂದು ಹೇಳಿದವರು ಯಾರು?

ಕೋಲಾರ ಚಿನ್ನದ ಗಣಿ ಪ್ರದೇಶದ ಮಾರಿಕುಪ್ಪಂ, ಚಾಂಪಿಯನ್, ಉರಿಗಾಂ, ಕೋರಮಂಡಲ್ ನಿಲ್ದಾಣಗಳಲ್ಲಿ ನಸುಕಿನಲ್ಲೇ ರೈಲು ಹತ್ತಿ, ಬಂಗಾರಪೇಟೆಯ ಮೂಲಕ ಬೆಂಗಳೂರಿಗೆ ದುಡಿಯಲು ಹೋಗುವವರು ಸಾವಿರಗಟ್ಟಲೆ. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿದ ಮೇಲೆ ಆ ಊರಿನ ಬದುಕು ಈ ರೈಲುಹಳಿಯ ಮೇಲೆಯೇ ನಿಂತಿದೆ. ಇವರಲ್ಲಿ ಕಷ್ಟಪಟ್ಟು ಒಂದು ಹಳೆಯ ಕಾರು ಕೊಂಡವರ ಮನೆಯಲ್ಲಿ ಅದು ವಾರದ ಆರು ದಿನ ಬಿಸಿಲಲ್ಲಿ ನಿಂತೇ ಇರುತ್ತದೆ. ಏಳನೆಯ ದಿನ ಮದುವೆಗೋ ಆಸ್ಪತ್ರೆಗೋ ಹೊರಡಲು ಕೀಲಿ ತಿರುಗಿಸಿದರೆ ಟಿಕ್ ಟಿಕ್ ಎಂಬ ಸದ್ದು ಬಿಟ್ಟು ಬೇರೇನೂ ಇಲ್ಲ. "ಬ್ಯಾಟರಿ ಹೋಗಿದೆ ಸಾರ್. ಹಾಕಿ ಎಷ್ಟು ವರ್ಷ ಆಯ್ತು? ಮೂರಾ? ಹಾಗಾದ್ರೆ ಬದಲಿಸಿಬಿಡಿ" ಎಂಬ ತೀರ್ಪು ಅರ್ಧ ನಿಮಿಷದಲ್ಲಿ ಹೊರಬೀಳುತ್ತದೆ. ನಾಲ್ಕೈದು ಸಾವಿರ ರೂಪಾಯಿ ಕೈಬಿಡುತ್ತದೆ, ಹಳೆಯದು ಎಕ್ಸ್‌ಚೇಂಜ್ ಹೆಸರಿನಲ್ಲಿ ಅಂಗಡಿಯ ಮೂಲೆ ಸೇರುತ್ತದೆ.

ಈ ಮರಣಪತ್ರಕ್ಕೆ ಆಧಾರವೇನು? ವೋಲ್ಟ್ ಅಳೆದರೆ? ಆಸಿಡ್ಡಿನ ಸಾಂದ್ರತೆ ನೋಡಿದರೆ? ಒಂದು ರಾತ್ರಿ ಚಾರ್ಜಿಗೆ ಹಾಕಿ ಪರೀಕ್ಷಿಸಿದರೆ? ಬಹುಪಾಲು ಸಂದರ್ಭಗಳಲ್ಲಿ ಇದಾವುದೂ ನಡೆಯುವುದಿಲ್ಲ. ಖಾಲಿಯಾದ ಬ್ಯಾಟರಿ ಬೇರೆ, ಸತ್ತ ಬ್ಯಾಟರಿ ಬೇರೆ. ನೀರು ಮುಗಿದ ಕೊಡವನ್ನು ಒಡೆದ ಕೊಡವೆಂದು ತಿಪ್ಪೆಗೆ ಎಸೆಯುವವರು ನಮ್ಮಲ್ಲಿಲ್ಲ. ಆದರೆ ಬ್ಯಾಟರಿಯ ವಿಷಯದಲ್ಲಿ ನಾವು ಮಾಡುತ್ತಿರುವುದು ಅದನ್ನೇ.

ಘಟ್ಟದ ಮೇಲಿನವರ ಪತ್ರಿಕೆಗೆ ಬಯಲುಸೀಮೆಯ ಕಾರುಗಳ ಚಿಂತೆ ಏಕೆಂದು ಕೆಲವು ಮಿತ್ರರು ಕೇಳಬಹುದು. ಕಾರೇ ಒಂದು ಅನಿಷ್ಟವಾಗಿರುವಾಗ ಅದರ ಬ್ಯಾಟರಿಯ ಆರೋಗ್ಯಶಾಸ್ತ್ರ ಬರೆಯುವುದು ಚಳವಳಿಯ ಕೆಲಸವೇ ಎಂದು ಇನ್ನು ಕೆಲವರು ಹುಬ್ಬುಗಂಟಿಕ್ಕಬಹುದು. ಮೊದಲನೆಯವರಿಗೆ ಉತ್ತರ ಸುಲಭ. ನಮ್ಮ ಕೊಡಗಿನ ಬೆಟ್ಟದಲ್ಲಿ ಹುಟ್ಟಿದ ಕಾವೇರಿಯನ್ನು ಶಿವನಸಮುದ್ರದಲ್ಲಿ ತಿರುಗಿಸಿ, ಅಲ್ಲಿ ಹುಟ್ಟಿದ ವಿದ್ಯುತ್ತನ್ನು 1902ರಲ್ಲಿ ಸುಮಾರು 148 ಕಿಲೋಮೀಟರ್ ದೂರದ ತಂತಿಯ ಮೇಲೆ ಒಯ್ದದ್ದು ಈ ಚಿನ್ನದ ಗಣಿಗಳಿಗೇ. ಬೆಟ್ಟದ ನೀರಿಗೂ ಕೋಲಾರದ ಸುರಂಗಕ್ಕೂ ನೂರಿಪ್ಪತ್ತು ವರ್ಷಗಳ ನಂಟಿದೆ. ಎರಡನೆಯವರಿಗೆ ಉತ್ತರ ತುಸು ಕಟುವಾದುದು. ಕಾರನ್ನು ಬೈಯುವ ನಮ್ಮ ಮಲೆನಾಡಿನ ಮನೆಗಳಲ್ಲೇ, ಕರೆಂಟು ಕೈಕೊಟ್ಟಾಗ ದೀಪ ಉರಿಸಲು, ಐವತ್ತು ಕಿಲೋಗೂ ಮಿಕ್ಕಿ ತೂಗುವ ಇನ್ವರ್ಟರ್ ಬ್ಯಾಟರಿ ಜಗಲಿಯ ಮೂಲೆಯಲ್ಲಿ ಕುಳಿತಿದೆ. ಅದರೊಳಗಿರುವುದೂ ಅದೇ ಸೀಸ, ಅದೇ ಗಂಧಕಾಮ್ಲ.

ಸೀಸದ ಮಾತಿಗೆ ಬರೋಣ. ಸಣ್ಣ ಕಾರಿನ ಬ್ಯಾಟರಿ ಹತ್ತು ಕಿಲೋ ಆಸುಪಾಸು ತೂಗುತ್ತದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಸೀಸ. ಜಗತ್ತು ಬಳಸುವ ಸೀಸದಲ್ಲಿ ನೂರಕ್ಕೆ 85ರಷ್ಟು ಬ್ಯಾಟರಿಗಳಿಗೇ ಹೋಗುತ್ತದೆ. "ಸೀಸ ವ್ಯರ್ಥವಾಗುವುದಿಲ್ಲ, ಎಲ್ಲವೂ ಮರುಬಳಕೆಯಾಗುತ್ತದೆ" ಎಂಬುದು ಉದ್ಯಮದವರ ನೆಚ್ಚಿನ ವಾದ. ಮಾತು ಸುಳ್ಳಲ್ಲ, ಅದಕ್ಕೇ ಅಪಾಯಕಾರಿ. ಬ್ಯಾಟರಿ ಕಾರಿನೊಳಗಿರುವಷ್ಟು ಕಾಲ ಸೀಸ ಯಾರಿಗೂ ಕೇಡು ಮಾಡುವುದಿಲ್ಲ. ಅದು ವಿಷವಾಗಿ ಹೊರಬರುವುದು ಮರುಬಳಕೆಯ ಹಾದಿಯಲ್ಲಿಯೇ: ಪೆಟ್ಟಿಗೆಯನ್ನು ಕೊಡಲಿಯಿಂದ ಸೀಳುವಾಗ, ಆಸಿಡ್ಡನ್ನು ಮಣ್ಣಿಗೆ ಚೆಲ್ಲುವಾಗ, ತಗಡುಗಳನ್ನು ಬಯಲು ಕುಲುಮೆಯಲ್ಲಿ ಕರಗಿಸುವಾಗ. ಸೆನೆಗಲ್ ದೇಶದ ರಾಜಧಾನಿ ಡಕಾರ್ ಅಂಚಿನ ತಿಯಾರೋಯ್ ಎಂಬ ಬಡಾವಣೆಯಲ್ಲಿ 2007ರ ನವೆಂಬರಿನಿಂದ 2008ರ ಮಾರ್ಚ್‌ವರೆಗೆ 18 ಮಕ್ಕಳು ಸತ್ತರು. ಹಳೆಯ ಬ್ಯಾಟರಿಗಳ ಸೀಸ ಬೆರೆತ ಮಣ್ಣನ್ನು ಅಲ್ಲಿನ ಹೆಂಗಸರು ಜರಡಿಯಾಡಿ ಮಾರುತ್ತಿದ್ದರು. ಆ ಧೂಳು ಮನೆಯೊಳಗೆ ಬಂದಿತ್ತು.

ದೂರದ ಆಫ್ರಿಕದ ಮಾತೆಂದು ಕೈತೊಳೆದುಕೊಳ್ಳುವಂತಿಲ್ಲ. 1990ರ ದಶಕದ ಕೊನೆಯಲ್ಲಿ ಬೆಂಗಳೂರಿನ ಜಾರ್ಜ್ ಫೌಂಡೇಶನ್ ನಮ್ಮ ದೊಡ್ಡ ನಗರಗಳ ಮಕ್ಕಳ ರಕ್ತವನ್ನು ಪರೀಕ್ಷಿಸಿದಾಗ ಅರ್ಧಕ್ಕೂ ಹೆಚ್ಚು ಮಕ್ಕಳಲ್ಲಿ ಸೀಸದ ಪ್ರಮಾಣ ಅಂದಿನ ಮಿತಿಯನ್ನು ಮೀರಿತ್ತು. ಡಾ. ತುಪ್ಪಿಲ್ ವೆಂಕಟೇಶ್ ಅವರು ಅಂದಿನಿಂದ ಊರೂರು ತಿರುಗಿ ಇದನ್ನೇ ಸಾರಿದರು. 2000ದಲ್ಲಿ ಪೆಟ್ರೋಲಿನಿಂದ ಸೀಸ ಹೋಯಿತು. ಎಲ್ಲರೂ ನಿಟ್ಟುಸಿರು ಬಿಟ್ಟರು. ಆದರೆ 2020ರಲ್ಲಿ ಯುನಿಸೆಫ್ ಹಾಗೂ ಪ್ಯೂರ್ ಅರ್ತ್ ಸಂಸ್ಥೆಗಳು ಹೊರತಂದ ವರದಿಯ ಅಂದಾಜಿನಂತೆ ಜಗತ್ತಿನ ಪ್ರತಿ ಮೂವರು ಮಕ್ಕಳಲ್ಲಿ ಒಬ್ಬರ ರಕ್ತದಲ್ಲಿ ಸೀಸ ಚಿಂತಾಜನಕ ಮಟ್ಟದಲ್ಲಿದೆ. ಭಾರತದಲ್ಲೇ ಅಂತಹ ಮಕ್ಕಳು 27 ಕೋಟಿಗೂ ಹೆಚ್ಚು. ಬ್ಯಾಟರಿಗಳ ಅಕ್ರಮ ಕರಗಿಸುವಿಕೆಯನ್ನು ಆ ವರದಿ ಮುಖ್ಯ ಕಾರಣಗಳಲ್ಲೊಂದೆಂದು ಎಣಿಸಿದೆ.

ಆದುದರಿಂದ ಐದು ವರ್ಷ ಬಾಳಬಹುದಾದ ಬ್ಯಾಟರಿಯನ್ನು ಎರಡೂವರೆ ವರ್ಷಕ್ಕೇ ಕಿತ್ತುಹಾಕುವುದೆಂದರೆ ಅದೇ ಸೀಸವನ್ನು ಎರಡು ಪಟ್ಟು ಬಾರಿ ಕುಲುಮೆಗೆ ಕಳುಹಿಸುವುದು. ಇದು ಬರೀ ಗ್ರಾಹಕರ ಜೇಬಿನ ಪ್ರಶ್ನೆಯಾಗಿದ್ದರೆ ನಾವು ಇಷ್ಟು ಪುಟ ವ್ಯಯಿಸುತ್ತಿರಲಿಲ್ಲ.

ಗಣಿಯೂರಿನವರಿಗೆ ಇದನ್ನು ವಿವರಿಸುವ ಅಗತ್ಯವೇ ಇರಬಾರದು. ನೂರಿಪ್ಪತ್ತು ವರ್ಷಗಳಲ್ಲಿ 800 ಟನ್ನಿನಷ್ಟು ಚಿನ್ನ ಹೊರಗೆ ಹೋಯಿತು. ಊರಿಗೆ ಉಳಿದದ್ದು ಸುಮಾರು 3.3 ಕೋಟಿ ಟನ್ ಸಯನೈಡ್ ದಿಬ್ಬ. ಗಾಳಿಯ ದಿನಗಳಲ್ಲಿ ಅದರ ಪುಡಿ ಅನ್ನದ ತಟ್ಟೆಗೂ ಬೀಳುತ್ತದೆ. 2024ರ ಜೂನ್‌ನಲ್ಲಿ ಅಂತಹ 13 ದಿಬ್ಬಗಳ ಹರಾಜಿಗೆ ರಾಜ್ಯ ಸಂಪುಟ ಒಪ್ಪಿತು; ಆಗಲೂ ಚರ್ಚೆಯಾದದ್ದು ದಿಬ್ಬದಲ್ಲಿ ಉಳಿದ ಚಿನ್ನವೇ ಹೊರತು ಶ್ವಾಸಕೋಶಗಳಲ್ಲಿ ಉಳಿದ ಧೂಳಲ್ಲ. ಲೋಹ ಒಬ್ಬರಿಗೆ, ಕಸ ಇನ್ನೊಬ್ಬರಿಗೆ ಎಂಬ ಪಾಠವನ್ನು ಮೈಯಲ್ಲೇ ಹೊತ್ತ ಊರು ಅದು.

ಹಾಗಾದರೆ ಬ್ಯಾಟರಿ ನಿಜಕ್ಕೂ ಸತ್ತಿದೆಯೇ ಎಂದು ಮನೆಯಲ್ಲಿ ತಿಳಿಯುವುದು ಹೇಗೆ? ಇದೇನೂ ಗುಟ್ಟಿನ ವಿದ್ಯೆಯಲ್ಲ. ಕೆಲವೇ ನೂರು ರೂಪಾಯಿಗೆ ಸಿಗುವ ಒಂದು ಮಲ್ಟಿಮೀಟರ್ ಸಾಕು. ಕಾರು ಆರೇಳು ಗಂಟೆ ನಿಂತಿರಲಿ; ಬೆಳಗ್ಗೆ ಎದ್ದೊಡನೆ ನೋಡುವುದು ಒಳ್ಳೆಯದು. ಈಗತಾನೆ ಓಡಿಸಿದ ಕಾರಿನ ಬ್ಯಾಟರಿ ಮೇಲ್ಮೇಲಿನ ಚಾರ್ಜಿನಿಂದ ಹುಸಿ ಲೆಕ್ಕ ತೋರಿಸುತ್ತದೆ. ಕಾಯಲು ಪುರುಸೊತ್ತಿಲ್ಲದವರು ಹೆಡ್‌ಲೈಟನ್ನು ಎರಡು ನಿಮಿಷ ಉರಿಸಿ ಆರಿಸಿ, ಸ್ವಲ್ಪ ಹೊತ್ತು ಬಿಟ್ಟು ನೋಡಬಹುದು. ಮೀಟರನ್ನು ಡಿಸಿ 20 ವೋಲ್ಟಿಗೆ ತಿರುಗಿಸಿ, ಕೆಂಪು ಕಡ್ಡಿ ಪ್ಲಸ್ಸಿಗೆ, ಕಪ್ಪು ಕಡ್ಡಿ ಮೈನಸ್ಸಿಗೆ ಮುಟ್ಟಿಸಿ. ಮೀಟರನ್ನು ಆಂಪಿಯರ್ ಸ್ಥಾನದಲ್ಲಿಟ್ಟು ಮಾತ್ರ ಎಂದಿಗೂ ಹೀಗೆ ಮುಟ್ಟಿಸಬಾರದು. ಕಿಡಿ ಹಾರುತ್ತದೆ, ಮೀಟರ್ ಸುಟ್ಟೀತು. 12.6 ಅಥವಾ ಮೇಲಿದ್ದರೆ ಬ್ಯಾಟರಿ ತುಂಬಿದೆ. 12.4 ಎಂದರೆ ಮುಕ್ಕಾಲು, 12.2 ಎಂದರೆ ಅರ್ಧ, 12.0 ಎಂದರೆ ಕಾಲುಭಾಗ. ಅದಕ್ಕೂ ಕೆಳಗೆ ಹೋದರೆ ಖಾಲಿ.

ಇಲ್ಲಿಯೇ ಎಲ್ಲರೂ ಎಡವುವುದು. 11.8 ಕಂಡೊಡನೆ ಹೋಯಿತೆಂದು ಕೂಗಬೇಡಿ. ಮೀಟರ್ ಹೇಳಿದ್ದು ಕೊಡದಲ್ಲಿ ನೀರೆಷ್ಟಿದೆ ಎಂಬುದನ್ನು ಮಾತ್ರ. ಕೊಡ ಸೋರುತ್ತಿದೆಯೇ ಎಂಬುದನ್ನಲ್ಲ. ಕಾರು ನಿಂತಿದ್ದಾಗಲೂ ಗಡಿಯಾರ, ಅಲಾರಂ, ಆಮೇಲೆ ಹಾಕಿಸಿದ ಸ್ಟೀರಿಯೋ ಮುಂತಾದವು ಸದಾ ವಿದ್ಯುತ್ತನ್ನು ಹೀರುತ್ತಿರುತ್ತವೆ. ಅದು 50 ಮಿಲಿಆಂಪಿಯರ್ ಎಂದಿಟ್ಟುಕೊಂಡರೂ ದಿನಕ್ಕೆ 1.2 ಆಂಪಿಯರ್-ಅವರ್ ಆಯಿತು. 35 ಆಂಪಿಯರ್-ಅವರ್ ಬ್ಯಾಟರಿಯ ಅರ್ಧ ಹದಿನೈದು ದಿನಗಳಲ್ಲಿ ಕರಗುತ್ತದೆ. ಕೋರಮಂಡಲ್‌ನಿಂದ ಬಂಗಾರಪೇಟೆಗೆ ಹೋಗಿಬರುವ ಚುಟುಕು ಓಟದಲ್ಲಿ ಅಷ್ಟನ್ನು ಮರಳಿ ತುಂಬಲಾಗದು. ಅರೆಖಾಲಿಯಾಗಿಯೇ ವಾರಗಟ್ಟಲೆ ಇಟ್ಟರೆ ತಗಡುಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗಿ ಹರಳುಗಟ್ಟಿ, ಬ್ಯಾಟರಿ ಆಗ ನಿಜವಾಗಿಯೂ ಸಾಯತೊಡಗುತ್ತದೆ. ಬಿಸಿಲಂತೂ ಅದರ ಆಯುಷ್ಯವನ್ನು ಬೇರೆಯೇ ರೀತಿಯಲ್ಲಿ ತಿನ್ನುತ್ತದೆ: ಹತ್ತು ಡಿಗ್ರಿ ಸೆಲ್ಸಿಯಸ್ ಏರಿದರೆ ಬಾಳಿಕೆ ಸರಿಸುಮಾರು ಅರ್ಧವಾಗುತ್ತದೆಂಬುದು ತಂತ್ರಜ್ಞರ ಸ್ಥೂಲ ಲೆಕ್ಕ. ನೆರಳಲ್ಲಿ ಕಾರು ನಿಲ್ಲಿಸುವುದು ಸೀಟಿಗಷ್ಟೇ ಒಳ್ಳೆಯದಲ್ಲ.

ಆದ್ದರಿಂದ ಮೊದಲು ತುಂಬಿಸಿ. ಬ್ಯಾಟರಿಯ ಆಂಪಿಯರ್-ಅವರ್ ಸಂಖ್ಯೆಯ ಹತ್ತನೆಯ ಒಂದರಷ್ಟು, ಅಂದರೆ ಮೂರೂವರೆ ಆಂಪಿಯರಿನ ಸುಮಾರಿಗೆ, ನಿಧಾನವಾಗಿ ರಾತ್ರಿಯಿಡೀ ಚಾರ್ಜು ಮಾಡಬೇಕು. ಗಾಳಿಯಾಡುವ ಜಾಗವಿರಲಿ, ಹೊರಬರುವ ಜಲಜನಕಕ್ಕೆ ಬೀಡಿಯ ಕಿಡಿಯೂ ಸಾಕು. ಒಂದು ಹಗಲು ಸುಮ್ಮನೆ ಬಿಟ್ಟು ಅಳೆಯಿರಿ. 12.6ರಲ್ಲಿ ನಿಂತಿತೆ? ಈಗ ಮೀಟರಿನ ಕಡ್ಡಿ ಹಾಗೆಯೇ ಇರಲಿ, ಇನ್ನೊಬ್ಬರು ಸೆಲ್ಫ್ ಹೊಡೆಯಲಿ. ಎಂಜಿನ್ ತಿರುಗುವ ಆ ಎರಡು ಕ್ಷಣ ಅಂಕೆ 9.6ಕ್ಕಿಂತ ಕೆಳಗಿಳಿಯದಿದ್ದರೆ ಆ ಬ್ಯಾಟರಿಗೆ ಇನ್ನೂ ಪ್ರಾಣವಿದೆ. ತುಂಬಿದ ಮೇಲೂ ಎಂಟಕ್ಕೋ ಏಳಕ್ಕೋ ಕುಸಿದರೆ ಅನುಮಾನ ನ್ಯಾಯವಾದುದು.

ಆಗಲೂ ಅವಸರ ಬೇಡ. ಸೆಲ್ಫ್ ಹೊಡೆಯುವಾಗ ಒಂದು ಕಡ್ಡಿ ಬ್ಯಾಟರಿಯ ಸೀಸದ ಮೊಳೆಗೂ ಇನ್ನೊಂದು ಅದನ್ನು ಹಿಡಿದ ಕ್ಲ್ಯಾಂಪಿಗೂ ಮುಟ್ಟಿಸಿ ನೋಡಿ. ಅವೆರಡರ ನಡುವೆ 0.2 ವೋಲ್ಟಿಗಿಂತ ಹೆಚ್ಚು ಕಂಡರೆ ದೋಷ ಕೊಳೆಯದು. ಆ ಬಿಳಿ-ಹಸಿರು ಬೂಷ್ಟನ್ನು ಅಡುಗೆ ಸೋಡ ಬೆರೆಸಿದ ಬಿಸಿನೀರಿನಿಂದ, ಸೆಲ್ಲಿನೊಳಗೆ ಹೋಗದಂತೆ ತೊಳೆದು ಬಿಗಿಮಾಡಿದರೆ ಎಷ್ಟೋ "ಸತ್ತ" ಬ್ಯಾಟರಿಗಳು ಎದ್ದು ಕೂರುತ್ತವೆ. ಕ್ಲ್ಯಾಂಪ್ ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಎಂಜಿನ್ ಓಡುವಾಗ 13.8ರಿಂದ 14.5ರೊಳಗೆ ತೋರಿಸದಿದ್ದರೆ ಡೈನಮೋ ಕಡೆಗೆ ನೋಡಿ. ಅದು ತುಂಬಿಸದಿದ್ದರೆ ಹೊಸ ಬ್ಯಾಟರಿಯೂ ತಿಂಗಳೊಳಗೆ ಅದೇ ಟಿಕ್ ಟಿಕ್ ಹೇಳುತ್ತದೆ. ಕಂಪ್ಯೂಟರ್ ನಿಯಂತ್ರಣದ ಹೊಸ ಕಾರುಗಳಲ್ಲಿ ಈ ಅಂಕೆ ಏರಿಳಿಯುತ್ತಿರುತ್ತದೆ, ಅದಕ್ಕೆ ಗಾಬರಿಯಾಗಬೇಕಿಲ್ಲ.

ಮುಚ್ಚಳ ತೆಗೆಯಬಹುದಾದ ಬ್ಯಾಟರಿಯಾದರೆ ಹೈಡ್ರೋಮೀಟರಿಗಿಂತ ಪ್ರಾಮಾಣಿಕ ಸಾಕ್ಷಿ ಇನ್ನೊಂದಿಲ್ಲ. ಕನ್ನಡಕ ಹಾಕಿಕೊಂಡು, ಮಕ್ಕಳನ್ನು ದೂರ ಕಳುಹಿಸಿ, ಆರೂ ಸೆಲ್ಲುಗಳ ಆಸಿಡ್ಡನ್ನು ಒಂದೊಂದಾಗಿ ಎಳೆದು ನೋಡಿ. ಆರೂ ಸಮನಾಗಿ ತಗ್ಗಿದ್ದರೆ ಅದು ಬರಿಯ ಹಸಿವು. ಐದು 1.250ರ ಹತ್ತಿರವಿದ್ದು ಒಂದು ಮಾತ್ರ 1.200ಕ್ಕೋ ಅದಕ್ಕಿಂತಲೂ ಕೆಳಗೋ ಇದ್ದರೆ ಆ ಸೆಲ್ ಕೆಟ್ಟಿದೆ. ಬ್ಯಾಟರಿಯನ್ನು ಕಳುಹಿಸಿಕೊಡುವ ಸಮಯ ಬಂದಿದೆ. ನೀರು ತಗ್ಗಿದ್ದರೆ ಡಿಸ್ಟಿಲ್ಡ್ ವಾಟರ್ ಮಾತ್ರ, ಆಸಿಡ್ ಅಲ್ಲ, ಕೋಲಾರದ ಕೊಳವೆಬಾವಿಯ ಗಡಸು ನೀರಂತೂ ಬೇಡವೇ ಬೇಡ. ಮುಚ್ಚಿದ ಬ್ಯಾಟರಿಗಳ ಮೇಲೆ ಹಸಿರು ಕಣ್ಣೊಂದಿರುತ್ತದಲ್ಲ, ಅದು ಆರರಲ್ಲಿ ಒಂದು ಸೆಲ್ಲಿನ ಸುದ್ದಿಯನ್ನಷ್ಟೇ ಹೇಳುತ್ತದೆ. ಉಳಿದ ಐದರ ಬಗ್ಗೆ ಅದು ಕುರುಡು. ಬೀದಿಗಿಳಿಯುತ್ತಿರುವ ಎಲೆಕ್ಟ್ರಿಕ್ ಕಾರುಗಳ ದೊಡ್ಡ ಲಿಥಿಯಂ ಬ್ಯಾಟರಿಗೆ ಮನೆಯಲ್ಲಿ ಕೈಹಾಕುವಂತಿಲ್ಲ, ಅಲ್ಲಿರುವುದು ಪ್ರಾಣ ತೆಗೆಯುವ ವೋಲ್ಟೇಜು. ಆದರೆ ಅವುಗಳಲ್ಲೂ 12 ವೋಲ್ಟಿನ ಪುಟ್ಟ ಬ್ಯಾಟರಿಯೊಂದು ಇದ್ದೇ ಇರುತ್ತದೆ, ಅನೇಕ ಕಾರುಗಳಲ್ಲಿ ಅದೂ ಸೀಸದ್ದೇ.

ಇಷ್ಟೂ ಮಾಡಲು ಬೇಕಾದದ್ದು ಒಂದು ರಾತ್ರಿ, ಒಂದು ಬೆಳಗು. ಇದನ್ನು ಅಂಗಡಿಗಳು ಏಕೆ ಮಾಡುವುದಿಲ್ಲವೆಂದರೆ ತುಂಬಿಸಿಕೊಟ್ಟರೆ ಸಿಗುವುದು ನೂರು ರೂಪಾಯಿ, ಮಾರಿದರೆ ಸಿಗುವುದು ಕಮಿಷನ್ನು, ಮೇಲೆ ಹಳೆಯ ಸೀಸದ ಬೆಲೆ. ಮೆಕ್ಯಾನಿಕ್ಕನ್ನು ಬೈದು ಪ್ರಯೋಜನವಿಲ್ಲ. ಅಳೆಯುವವನಿಗಿಂತ ಮಾರುವವನಿಗೆ ಹೆಚ್ಚು ಕೂಲಿ ಕೊಡುವ ವ್ಯವಸ್ಥೆ ಇದು.

ಸರ್ಕಾರದ ಕಾಗದಗಳಲ್ಲಿ ಎಲ್ಲವೂ ಸರಿಯಿದೆ. ಗಣಿ ಮುಚ್ಚಿದ ಅದೇ 2001ರ ಮೇ ತಿಂಗಳಲ್ಲಿ ಹೊರಬಿದ್ದ ಬ್ಯಾಟರಿ ನಿಯಮಗಳು ಹಳೆಯದನ್ನು ಮರಳಿ ಪಡೆಯುವ ಹೊಣೆಯನ್ನು ಮಾರಾಟಗಾರರ ಮೇಲೆ ಹೊರಿಸಿದವು. 2022ರ ಆಗಸ್ಟಿನಲ್ಲಿ ಅವುಗಳ ಜಾಗಕ್ಕೆ ಬಂದ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ತಯಾರಕರನ್ನೇ ಹೊಣೆಗಾರರನ್ನಾಗಿಸಿವೆ. ಆದರೆ ಎರಡೂ ನಿಯಮಗಳು ಮಾತು ಆರಂಭಿಸುವುದು ಬ್ಯಾಟರಿ ತ್ಯಾಜ್ಯವಾದ ಮೇಲೆ. ಅದು ತ್ಯಾಜ್ಯವೇ ಎಂದು ನಿರ್ಧರಿಸುವ ಅಧಿಕಾರ ಯಾರದು, ಯಾವ ಪರೀಕ್ಷೆಯ ಮೇಲೆ ಎಂಬುದನ್ನು ಅವು ಕೇಳುವುದಿಲ್ಲ. ಬ್ಯಾಟರಿ ಬದಲಿಸುವ ಪ್ರತಿ ಅಂಗಡಿಯೂ ತುಂಬಿಸಿ ಅಳೆದ ವೋಲ್ಟ್, ಸೆಲ್ಫ್ ಹೊಡೆದಾಗಿನ ವೋಲ್ಟ್, ಸಾಧ್ಯವಿದ್ದಲ್ಲಿ ಆರು ಸೆಲ್ಲುಗಳ ಸಾಂದ್ರತೆಯನ್ನು ಬಿಲ್ಲಿನ ಮೇಲೆ ಬರೆದುಕೊಡಬೇಕೆಂದು ನಾವು ಒತ್ತಾಯಿಸುತ್ತೇವೆ.

ಅಲ್ಲಿಯವರೆಗೆ ಆ ಅಂಕೆಗಳನ್ನು ನೀವೇ ಬರೆದಿಡಿ. ಬಾನೆಟ್ಟಿನ ಒಳಮೈಗೆ ಒಂದು ಚೀಟಿ ಅಂಟಿಸಿ ಮೂರು ತಿಂಗಳಿಗೊಮ್ಮೆ ದಿನಾಂಕ, ವೋಲ್ಟ್ ಗುರುತಿಸಿದರೆ ಸಾಕು. ಗಣಿ ಕಾಲೊನಿಗಳ ಯುವಕ ಸಂಘಗಳೂ ನಮ್ಮ ಘಟ್ಟದ ಸಹಕಾರ ಸಂಘಗಳೂ ಒಂದು ಚಾರ್ಜರ್, ಒಂದು ಮೀಟರ್, ಒಂದು ಹೈಡ್ರೋಮೀಟರ್ ಇಟ್ಟುಕೊಂಡರೆ ಇಡೀ ಬೀದಿಗೆ ಆಗುತ್ತದೆ. ಕೊನೆಗೆ ನಿಜವಾಗಿಯೂ ಸತ್ತದ್ದನ್ನು ಆಸಿಡ್ ಸಮೇತ ನೆಟ್ಟಗೆ ನಿಲ್ಲಿಸಿಯೇ ಒಯ್ಯಿರಿ. ಆಸಿಡ್ಡನ್ನು ಚರಂಡಿಗೆ ಬಗ್ಗಿಸಿ ತೂಕಕ್ಕೆ ಕೊಳ್ಳುವ ಗುಜರಿಯವರಿಗೆ ಕೊಡಬೇಡಿ. ಮಾರಾಟಗಾರರಿಗೆ ಕೊಟ್ಟಾಗ ಹಳೆಯ ಬ್ಯಾಟರಿಯ ಕ್ರಮಸಂಖ್ಯೆಯಿರುವ ರಸೀದಿ ಕೇಳಿ, ಅದು ನೋಂದಾಯಿತ ಮರುಬಳಕೆ ಘಟಕಗಳಲ್ಲಿ ಯಾವುದಕ್ಕೆ ಹೋಗುತ್ತದೆಂದು ಕೇಳಿ. ಉತ್ತರ ಸಿಗದಿದ್ದರೆ ಮಾಲಿನ್ಯ ನಿಯಂತ್ರಣ ಮಂಡಳಿಯ ನಿಮ್ಮ ಪ್ರಾದೇಶಿಕ ಕಚೇರಿಗೆ ಒಂದು ಪತ್ರ ಬರೆದು, ಪ್ರತಿಯನ್ನು ನಮಗೆ ಕಳುಹಿಸಿ.