ಘಾಟಿ ಇಳಿಯುವ ಬುಲೆಟ್ ಟ್ಯಾಂಕರ್: ಸ್ಟೇರಿಂಗ್ ತಪಾಸಣೆ ಯಾರ ಹೊಣೆ?

ಮಂಗಳೂರು: ಪಣಂಬೂರಿನ ನವಮಂಗಳೂರು ಬಂದರಿನಿಂದ ಬೆಂಗಳೂರಿನತ್ತ ಸಾಗುವ ಬುಲೆಟ್ ಟ್ಯಾಂಕರ್, ಕಂಟೇನರ್ ಟ್ರೇಲರ್‌ಗಳಿಗೆ ಶಿರಾಡಿ ಘಾಟಿಯೇ ಮುಖ್ಯ ಹಾದಿ. 2013ರ ಏಪ್ರಿಲ್‌ನಲ್ಲಿ ಇದೇ ಹೆದ್ದಾರಿಯ ಪೆರ್ನೆಯಲ್ಲಿ ಅನಿಲ ಟ್ಯಾಂಕರ್ ಉರುಳಿ ಬೆಂಕಿ ಹೊತ್ತಿಕೊಂಡಾಗ ರಸ್ತೆಬದಿಯ ನಿವಾಸಿಗಳೂ ಬಲಿಯಾದರು. ಕಾರಣ ಯಾವುದೇ ಇರಲಿ, ಇಂಥ ವಾಹನ ಹತೋಟಿ ತಪ್ಪಿದರೆ ಆಗುವ ಅನಾಹುತ ಎಷ್ಟೆಂಬುದು ಅಂದು ಸ್ಪಷ್ಟವಾಯಿತು.

ಹೈಡ್ರಾಲಿಕ್ ಸ್ಟೇರಿಂಗ್‌ಗೆ ಬಲ ನೀಡುವುದು ಎಂಜಿನ್‌ನಿಂದ ಓಡುವ ಪಂಪು. ಹೋಸ್ ಸೋರಿ ಎಣ್ಣೆ ಇಳಿದರೆ ಗಾಳಿ ಸೇರಿ ಪಂಪು ಸವೆಯುತ್ತದೆ, ತಿರುವಿನಲ್ಲೇ ಸ್ಟೇರಿಂಗ್ ಬಿಗಿಯಾಗುತ್ತದೆ. ಇಳಿಜಾರಿನಲ್ಲಿ ಡೀಸೆಲ್ ಉಳಿಸಲು ಎಂಜಿನ್ ಆರಿಸಿದರೂ ಇದೇ ಗತಿ.

ಎಂಟು ವರ್ಷದೊಳಗಿನ ಸರಕು ವಾಹನದ ಅರ್ಹತಾ ಪತ್ರವನ್ನು 2 ವರ್ಷಕ್ಕೊಮ್ಮೆ ನವೀಕರಿಸಿದರೆ ಸಾಕು. ಸೋರಿಕೆ ಅಷ್ಟು ಕಾಲ ಕಾಯದು. ಪ್ರತಿ ಪ್ರಯಾಣಕ್ಕೆ ಮುನ್ನ ಎಣ್ಣೆಯ ಮಟ್ಟ, ಹೋಸ್‌ಗಳನ್ನು ಪರೀಕ್ಷಿಸಲು ಚಾಲಕನಿಗೆ ಸಮಯ ನೀಡಬೇಕಾದುದು ಮಾಲೀಕರ ಹೊಣೆ.