ಸೆನ್ಸರ್‌ಗಿಂತ ಮೊದಲು ನೆರಳು

ಮಾರ್ಚ್ ಬಂತು ಅಂದ್ರೆ ಕ್ಯಾಂಪಸ್‌ನಲ್ಲಿ ಎರಡು ಸಂಗತಿ ಗ್ಯಾರಂಟಿ. ಒಂದು, ಮೆಸ್ಸಿನ ಪಲಾವ್‌ನಲ್ಲಿ ಬಟಾಣಿಯನ್ನ ಹುಡುಕಿ ಎಣಿಸಬೇಕಾಗುತ್ತೆ. ಇನ್ನೊಂದು, ಪ್ರಾಜೆಕ್ಟ್ ಎಕ್ಸಿಬಿಷನ್‌ನಲ್ಲಿ ಎರಡು ಮೂರು ಟೀಮಾದ್ರೂ ‘ಸ್ಮಾರ್ಟ್ ಗ್ರೀನ್‌ಹೌಸ್’ ತಂದಿಟ್ಟಿರ್ತಾರೆ. ಪ್ಲಾಸ್ಟಿಕ್ ಹೊದಿಸಿದ ಪುಟ್ಟ ಮನೆ, ಒಳಗೆ ಇಎಸ್‌ಪಿ 32, ಒಂದು ಡಿಎಚ್‌ಟಿ 11, ಮಣ್ಣಿಗೆ ಚುಚ್ಚಿದ ತೇವಾಂಶದ ಸೆನ್ಸರ್, ರಿಲೇ, ಮೋಟರ್. ಪೋಸ್ಟರ್‌ನಲ್ಲಿ ಮಾತ್ರ ದೊಡ್ಡ ಮಾತು: ಏಪ್ರಿಲ್-ಮೇ ಬಿಸಿಲಲ್ಲೂ ಲೆಟ್ಯೂಸ್, ಕ್ಯಾರೆಟ್, ಹೂಕೋಸು ಬೆಳೆಯಬಹುದು!

ನಮ್ಮ ತಕರಾರು ಇರೋದು ಇಲ್ಲೇ. ಒಳಗೆ 38 ಡಿಗ್ರಿ ಇದೆ ಅಂತ ಮೊಬೈಲಿಗೆ ಮೆಸೇಜ್ ಬಂದ್ರೆ ಗಿಡಕ್ಕೆ ತಂಪಾಗಲ್ಲ. ಯಾರಾದ್ರೂ ರೈತ ಆ ಪೋಸ್ಟರ್ ನಂಬಿ ಸಾಲ ಮಾಡಿ ಪಾಲಿಹೌಸ್ ಕಟ್ಟಿಸಿದ್ರೆ, ಮೊದಲ ಬೇಸಿಗೆಯಲ್ಲೇ ಕೈ ಸುಟ್ಕೋತಾನೆ. ಮುಚ್ಚಿದ ಪಾರದರ್ಶಕ ಮನೆ ಅನ್ನೋದು ಮೂಲತಃ ಚಳಿದೇಶದವರ ಉಪಾಯ. ನಮ್ಮ ಬಿಸಿಲಲ್ಲಿ ಅದು ಗಾಜು ಏರಿಸಿ ನಿಲ್ಲಿಸಿದ ಕಾರಿನ ಹಾಗೆ, ಹೊರಗಿಗಿಂತ ಒಳಗೇ ಧಗೆ.

ಈ ತರಕಾರಿಗಳಿಗೆ ಹಿತವಾದದ್ದು ಸುಮಾರು 15ರಿಂದ 25 ಡಿಗ್ರಿ. ಅದನ್ನ ಮೀರಿದಂತೆ ಒಂದೊಂದೂ ಒಂದೊಂದು ರೀತಿ ಕೈಕೊಡುತ್ತೆ. ಕೊತ್ತಂಬರಿ ಎಲೆ ಬಿಡೋದು ಮರೆತು ಹೂವಿಗೆ ಓಡುತ್ತೆ, ಲೆಟ್ಯೂಸ್ ಕಹಿಯಾಗುತ್ತೆ, ಬಟಾಣಿಯ ಹೂವೇ ಉದುರಿಹೋಗುತ್ತೆ. ಲೆಟ್ಯೂಸ್ ಬೀಜವಂತೂ ಮಣ್ಣು 30 ಡಿಗ್ರಿ ದಾಟಿದರೆ ನಿದ್ದೆಗೆ ಜಾರಿ ಮೊಳಕೆಯೇ ಒಡೆಯಲ್ಲ. ಅದಕ್ಕಿರೋ ಮದ್ದು ಆಲ್ಗಾರಿದಂ ಅಲ್ಲ, ಫ್ರಿಜ್ಜು. ಒದ್ದೆ ಬಟ್ಟೆಯಲ್ಲಿ ಸುತ್ತಿ ಒಳಗಿಟ್ಟು, ಮೊಳಕೆ ಮೂಗು ತೋರಿಸಿದ ಮೇಲೆ ಸಂಜೆ ಹೊತ್ತು ನೆಟ್ಟರೆ ಆಯ್ತು.

‘ಫ್ಯಾನ್ ಅಂಡ್ ಪ್ಯಾಡ್ ಹಾಕ್ತೀವಿ ಬಿಡಿ’ ಅನ್ನೋರಿಗೆ ಥರ್ಮೋಡೈನಮಿಕ್ಸ್ ನೆನಪು ಮಾಡೋಣ. ಒದ್ದೆ ಪ್ಯಾಡ್ ಮೂಲಕ ಬರೋ ಗಾಳಿ ವೆಟ್ ಬಲ್ಬ್ ತಾಪಮಾನಕ್ಕಿಂತ ಕೆಳಗಿಳಿಯಲ್ಲ. ರಾಯಚೂರಿನ ಕಡೆ ಒಂದು ಮಧ್ಯಾಹ್ನ 40 ಡಿಗ್ರಿ, ತೇವಾಂಶ ಶೇ. 20 ಅಂತಿಟ್ಟುಕೊಳ್ಳಿ. ವೆಟ್ ಬಲ್ಬ್ 23ರ ಆಸುಪಾಸು. ಪ್ಯಾಡಿನ ದಕ್ಷತೆ ಶೇ. 80 ಆದ್ರೆ ಗಾಳಿ 26ಕ್ಕೆ ಇಳಿಯುತ್ತೆ. ಭರ್ಜರಿ! ಅದೇ ಯಂತ್ರವನ್ನ ಮಂಗಳೂರಿಗೆ ಒಯ್ಯಿರಿ. 33 ಡಿಗ್ರಿ, ತೇವಾಂಶ ಶೇ. 70 ಇದ್ದರೆ ಇಳಿಯೋದು ನಾಲ್ಕು ಡಿಗ್ರಿಯೂ ಇಲ್ಲ.

ಹಾಗಾದ್ರೆ ರಾಯಚೂರಿಗೆ ಸರಿಹೋಯ್ತಲ್ಲ ಅಂತೀರಾ? ನೀರಿನ ಲೆಕ್ಕವನ್ನೂ ಹಾಕಿ. ಕಾಲು ಎಕರೆ, ಅಂದ್ರೆ ಸುಮಾರು 1000 ಚದರ ಮೀಟರ್ ಮನೆ. ನಡುಮಧ್ಯಾಹ್ನ ಚದರ ಮೀಟರಿಗೆ 1000 ವ್ಯಾಟ್ ಬಿಸಿಲು, ಅದರಲ್ಲಿ ಅರ್ಧದಷ್ಟನ್ನ ಮಾತ್ರ ನೀರು ಆವಿಯಾಗಿ ಹೊರಹಾಕಬೇಕು ಅಂದುಕೊಂಡರೂ ಗಂಟೆಗೆ 740 ಲೀಟರ್ ಬೇಕು. ಆರು ಗಂಟೆಗೆ ಒಂದು ಸಣ್ಣ ಟ್ಯಾಂಕರ್. ಗಿಡ ಕುಡಿಯೋ ನೀರು ಇದರಲ್ಲಿ ಸೇರಿಲ್ಲ. ಮೇ ತಿಂಗಳಲ್ಲಿ ಬೋರ್‌ವೆಲ್ ಕೆಮ್ಮುವ ಊರಿನಲ್ಲಿ ಕುಡಿಯೋ ನೀರು ಆವಿ ಮಾಡಿ ಲೆಟ್ಯೂಸ್ ಬೆಳೀಬೇಕಾ? ಬೇಡ ಅಂತಲೇ ನಮ್ಮ ಅಭಿಪ್ರಾಯ. ಅಲ್ಲಿ ಬೇಸಿಗೆಗೆ ಹರಿವೆ ಇದೆ. ಹರಿವೆ ಸಿ4 ಗಿಡ, ಸೆಕೆಯಲ್ಲೂ ದ್ಯುತಿಸಂಶ್ಲೇಷಣೆ ಸಲೀಸು. ಲೆಟ್ಯೂಸ್, ಕ್ಯಾರೆಟ್, ಕೋಸು ಎಲ್ಲ ಸಿ3. ಬಿಸಿ ಏರಿದಂತೆ ಅವುಗಳ ಕಿಣ್ವ ಇಂಗಾಲದ ಡೈಆಕ್ಸೈಡ್ ಬದಲು ಆಮ್ಲಜನಕಕ್ಕೆ ಕೈಹಾಕಿ ದುಡಿಮೆಯನ್ನ ಪೋಲು ಮಾಡುತ್ತೆ. ಕ್ಯಾರೆಟ್ ಊಟಿಯಿಂದ ಇಳಿದು ಬರಲಿ ಬಿಡಿ, 2,200 ಮೀಟರ್ ಎತ್ತರ ಅನ್ನೋದು ಕರೆಂಟ್ ಬಿಲ್ ಇಲ್ಲದ ಎಸಿ.

ಬೆಂಗಳೂರು, ಕೋಲಾರ, ಚಿಕ್ಕಬಳ್ಳಾಪುರದ ಕಥೆ ಬೇರೆ. ಇಲ್ಲಿ 900 ಮೀಟರ್ ಸುಮಾರಿನ ಎತ್ತರ ಇದೆ, ಬೇಸಿಗೆ ರಾತ್ರಿಗಳೂ ಅಷ್ಟು ಕಾಡಲ್ಲ. ಇಲ್ಲಿ ಶೇ. 35ರಿಂದ 50ರ ಶೇಡ್ ನೆಟ್ಟೇ ಅರ್ಧ ಕೆಲಸ ಮುಗಿಸುತ್ತೆ. ನೆರಳು ಗಾಳಿಯನ್ನ ತಂಪು ಮಾಡಲ್ಲ ನಿಜ, ಆದ್ರೆ ಎಲೆ ಮತ್ತು ಮಣ್ಣು ಗಾಳಿಗಿಂತ ಬಿಸಿಯಾಗೋದನ್ನ ತಡೆಯುತ್ತೆ. ನೆಟ್ಟನ್ನ ಎತ್ತರಕ್ಕೆ ಕಟ್ಟಿ, ಪಕ್ಕಗಳನ್ನ ತೆರೆದಿಡಿ. ಶೇ. 75ರದ್ದು ಹಾಕಿದ್ರೆ ಗಿಡ ಬೆಳಕಿಗೆ ಕತ್ತು ಚಾಚಿ ಸೊರಗುತ್ತೆ. ಬುಡಕ್ಕೆ ಹುಲ್ಲು ಅಥವಾ ಕಬ್ಬಿನ ಸೋಗೆ ಹೊದಿಸಿ. ಡ್ರಿಪ್ ಪೈಪನ್ನೂ ಅದರಡಿಗೇ ಸೇರಿಸಿ, ಬಿಸಿಲಿಗೆ ಬಿದ್ದ ಕಪ್ಪು ಪೈಪಿನಿಂದ ಮಧ್ಯಾಹ್ನ ಮೊದಲು ಬರೋದು ಸ್ನಾನದ ನೀರು!

ಇನ್ನರ್ಧ ಕೆಲಸ ತಳಿಯದ್ದು. ಮೂಲಂಗಿಯಲ್ಲಿ ಪೂಸಾ ಚೇತ್ಕಿ ಬೇಸಿಗೆಗೆಂದೇ ಇರೋದು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ಸೆಕೆ ತಡೆಯೋ ಬಟಾಣಿಯನ್ನೇ ಕೊಟ್ಟಿದೆ, ಅರ್ಕಾ ಚೈತ್ರ, ಅರ್ಕಾ ತಪಸ್ ಅಂತ. ಹೆಸರೇ ಹೇಳುತ್ತೆ ನೋಡಿ. ನಮ್ಮ ಮಾರ್ಕೆಟ್ಟಿನ ಪಾಲಕ್ ಕೂಡ ಇಂಗ್ಲಿಷಿನವರ ಸ್ಪಿನಾಚ್ ಅಲ್ಲ, ಬೀಟ್‌ರೂಟ್ ಕುಲದ್ದು. ಅದಕ್ಕೇ ಬಿಸಿಲನ್ನ ಒಂದಷ್ಟು ಸಹಿಸುತ್ತೆ.

ಸೆನ್ಸರ್ ಬೇಡವೇ ಬೇಡ ಅಂತಲ್ಲ. ಆದ್ರೆ ಡಿಎಚ್‌ಟಿ 11 ಎರಡು ಡಿಗ್ರಿ ಆಚೀಚೆ ಹೇಳೋ ಸಾಧನ. ಅದನ್ನ ನೇರ ಬಿಸಿಲಲ್ಲಿ ಡಬ್ಬಿಯೊಳಗೆ ಕೂರಿಸಿದ್ರೆ ಅಳೆಯೋದು ಡಬ್ಬಿಯ ಜ್ವರವನ್ನ, ಗಾಳಿಯದ್ದಲ್ಲ. ಗಿಡಕ್ಕಿರಲಿ, ಸೆನ್ಸರ್‌ಗೂ ಮೊದಲು ನೆರಳೇ ಬೇಕು.

ಮುಂದಿನ ಸಲ ಸಿನಾಪ್ಸಿಸ್ ಬರೆಯೋ ಟೀಮುಗಳು ಹಾಸ್ಟೆಲ್ ತಾರಸಿಯಲ್ಲಿ ಮೂರು ತೊಟ್ಟಿ ಕೊತ್ತಂಬರಿ ಇಡಿ. ಒಂದು ಬಯಲಲ್ಲಿ, ಒಂದು ನೆಟ್ ಕೆಳಗೆ, ಒಂದು ನೆಟ್ ಜೊತೆ ಹುಲ್ಲಿನ ಹೊದಿಕೆಯಲ್ಲಿ. ಮಣ್ಣಿನ ತಾಪ, ಕೊಟ್ಟ ನೀರು, ಹೂ ಬಂದ ದಿನ ಬರೆದಿಡಿ. ಡೇಟಾ ಬಂದ್ರೆ ಇದೇ ಪತ್ರಿಕೆಗೆ ಕಳಿಸಿ, ಗ್ರಾಫ್ ಸಮೇತ ಹಾಕ್ತೀವಿ. ಕೊತ್ತಂಬರಿಯನ್ನ ಮೆಸ್ಸಿಗೆ ಕೊಟ್ಟುಬಿಡಿ.