ಕುಸಿದು ಬಿದ್ದ ಪರೀಕ್ಷೆ ಪಾಸಲ್ಲ ಸ್ವಾಮಿ!



ಪ್ರೆಸ್ಸಿನವನಿಗೆ ಸಾಫ್ಟ್‌ವೇರ್ ಉಸಾಬರಿ ಏಕೆ ಎನ್ನಬೇಡಿ. ನಮ್ಮ ಅನ್ನ ಇಂದು ನಿಂತಿರುವುದೇ ಅದರ ಮೇಲೆ.

ಹಿಂದೊಮ್ಮೆ ನಾನು ಕೊಂಡ ಪುಟ ಕಟ್ಟುವ ಸಾಫ್ಟ್‌ವೇರ್ 'ರಾಷ್ಟ್ರ' ಎಂಬ ಪದ ಬಂದರೆ ಸಾಕು, ತಟ್ಟನೆ ಮುಚ್ಚಿಹೋಗುತ್ತಿತ್ತು. ಮಾರಿದವರನ್ನು ಕೇಳಿದರೆ, "ಪರೀಕ್ಷೆ ಮಾಡಿದ್ದೇವೆ, ಒಂದೂ ಫೇಲಾಗಿಲ್ಲ" ಎಂದರು. ಅದು ಸುಳ್ಳಲ್ಲ. ಆದರೆ ನಿಜವೂ ಅಲ್ಲ!

ಈ ಕೆಲಸದಲ್ಲೇ ಇರುವ ನಮ್ಮಕ್ಕನ ಮಗ ಒಗಟು ಬಿಡಿಸಿದ. ಸಾಫ್ಟ್‌ವೇರನ್ನು ಪರೀಕ್ಷಿಸಲು ಇನ್ನೊಂದು ಸಾಫ್ಟ್‌ವೇರ್ ಇರುತ್ತದೆ. 100 ಪರೀಕ್ಷೆಗಳನ್ನು ಸಾಲಾಗಿ ನಡೆಸಿ ಪಾಸು, ಫೇಲು ಬರೆಯುವುದು ಅದರ ಕೆಲಸ. ಎರಡೂ ಒಂದೇ ಪ್ರೊಸೆಸ್‌ನಲ್ಲಿದ್ದು, 41ನೆಯ ಪರೀಕ್ಷೆಯಲ್ಲಿ ಒಂದು ಕುಸಿದರೆ ಇನ್ನೊಂದೂ ಸಾಯುತ್ತದೆ. ಫೇಲು ಎಂದು ಬರೆಯುವವರೇ ಇಲ್ಲ! ಉಳಿದ 59 ನಡೆಯುವುದೇ ಇಲ್ಲ. ಬರೆದಷ್ಟನ್ನೇ ಎಣಿಸಿದರೆ ಪಾಸು 40, ಫೇಲು ಸೊನ್ನೆ.

ಆರನೆಯ ಫಾರಂ ಅಚ್ಚಾಗುವಾಗ ನನ್ನ ಯಂತ್ರ ನಿಂತುಹೋದರೆ, "ಅಚ್ಚಾದ ಪುಟಗಳಲ್ಲಿ ತಪ್ಪಿಲ್ಲ" ಎಂದು ಪುಸ್ತಕ ಕಟ್ಟಿ ಕೊಡಲಾದೀತೇ? ಗಿರಾಕಿ ಸುಮ್ಮನೆ ಬಿಟ್ಟಾನೆಯೇ?

ಇದಕ್ಕೆ ಮದ್ದಿದೆ. ಪ್ರತಿ ಪರೀಕ್ಷೆಯನ್ನೂ ಬೇರೆ ಪ್ರೊಸೆಸ್‌ನಲ್ಲಿ ಓಡಿಸಿ, ಹೊರಗೆ ನಿಂತು ಕಾಯಬೇಕು. ಸಿ ಭಾಷೆಯವರು ಬಳಸುವ 'ಚೆಕ್' ಎಂಬ ಪರೀಕ್ಷಾ ಚೌಕಟ್ಟು ಲಿನಕ್ಸ್‌ನಲ್ಲಿ ಮಾಡುವುದು ಇದನ್ನೇ. ಒಳಗಿನದು ಯಾವ ಸಿಗ್ನಲ್‌ನಿಂದ ಸತ್ತಿತೆಂದು ಲಿನಕ್ಸೇ ತಿಳಿಸುತ್ತದೆ. 11 ಎಂದರೆ ತನಗೆ ಸಲ್ಲದ ಮೆಮೊರಿಗೆ ಕೈ ಹಾಕಿತೆಂದು ಅರ್ಥ. ಆ ಕುಸಿತವನ್ನು ಪರೀಕ್ಷೆಯ ಹೆಸರು ಸಮೇತ ಬರೆದು ಮುಂದಿನದಕ್ಕೆ ಹೋಗಬೇಕು. ನಡೆಯದ ಪರೀಕ್ಷೆಯನ್ನು 'ನಡೆದಿಲ್ಲ' ಎಂದೇ ತೋರಿಸಬೇಕು. ಒಂದೇ ಒಂದು ಕುಸಿದರೂ ಒಟ್ಟು ಫಲಿತಾಂಶ ಫೇಲು!

ಇದರಲ್ಲಿ ಕನ್ನಡದ ಮಾತೇನು ಎನ್ನುವಿರಾ? 2018ರ ಫೆಬ್ರವರಿಯನ್ನು ನೆನಪಿಸಿಕೊಳ್ಳಿ. ತೆಲುಗಿನ 'ಜ್ಞಾ' ಎಂಬ ಒಂದೇ ಅಕ್ಷರ ಬಂದರೆ ಐಫೋನಿನ ಆ್ಯಪ್‌ಗಳು ಕುಸಿದು ಬೀಳುತ್ತಿದ್ದವು. ಅದೇ ತಿಂಗಳ 19ರಂದು ಆಪಲ್ ಕಂಪನಿ ಐಒಎಸ್ 11.2.6 ಹೊರತಂದು ಸರಿಪಡಿಸಿತು. ಕೋಟಿಗಟ್ಟಲೆ ಜನರಾಡುವ ನೆರೆನುಡಿಗೇ ಈ ಗತಿಯಾದರೆ, ನಾವು ಕಣ್ಮುಚ್ಚಿ ಕೂರಬಹುದೇ?

ಆದ್ದರಿಂದ ಕನ್ನಡದ ಸಾಫ್ಟ್‌ವೇರ್ ಕೊಳ್ಳುವಾಗ "ಎಷ್ಟು ಫೇಲು?" ಎಂದಷ್ಟೇ ಕೇಳಬೇಡಿ. "ಎಷ್ಟು ನಡೆದವು? ಎಷ್ಟು ಕುಸಿದವು? ಅವುಗಳಲ್ಲಿ ಕನ್ನಡದ ಪರೀಕ್ಷೆಗಳೆಷ್ಟು?" ಎಂದು ಕೇಳಿ. ಲೆಕ್ಕ ಕೊಡದವರಿಗೆ ರೊಕ್ಕ ಕೊಡಬೇಡಿ!